ಕೇಸ್ ಶೀಟಿನ ಅಂಚಿನಲ್ಲಿ ಬರೆದ ತಮಾಷೆಗಳು

ಮೈದಾನದಲ್ಲಿ ಆತನಿಗೆ ಎಲ್ಲರೂ ಇಟ್ಟ ಹೆಸರು ಗೋಲಿ. ಗೋಲ್‌ಕೀಪರ್ ಆದ್ದರಿಂದ. ಎಡ ವೃಷಣ ತೆಗೆಸಿಕೊಂಡು ವಾರ್ಡಿಗೆ ಬಂದ ಸಂಜೆ, ನೋಡಲು ಬಂದ ಗೆಳೆಯರು ಏನು ಮಾತಾಡುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದರು. ಆತನೇ ಶುರು ಮಾಡಿದ: "ಬನ್ರೋ ಒಳಗೆ. ಒಂದು ಗೋಲಿ ಹೋಯ್ತು, ಗೋಲಿ ಇಲ್ಲೇ ಇದಾನೆ." ಮರುದಿನ ಮಾತ್ರೆಗಳ ಚೀಟಿ ಕೈಗೆ ಬಂದಾಗ ಶಿವಾಜಿನಗರದ ಉರ್ದು ಸೇರಿಸಿ ಇನ್ನೊಂದು: "ಒಂದು ಗೋಲಿ ಕೊಟ್ಟೆ, ದಿನಕ್ಕೆ ಹನ್ನೊಂದು ಗೋಲಿ ಬಂತು. ವ್ಯಾಪಾರ ಪರವಾಗಿಲ್ಲ."

ಮೊದಲೇ ಹೇಳಿಬಿಡಬೇಕು: ಇದು ಯಾರೋ ಒಬ್ಬರ ಕಡತವಲ್ಲ. ವೃಷಣದ ಕ್ಯಾನ್ಸರಿಗೆ ಕೊಡುವ ಬಿಇಪಿ (ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್) ಎಂಬ ಕೀಮೋ ಚಿಕಿತ್ಸೆಯಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಬೆಂಗಳೂರಿನ 31 ವರ್ಷದ ಒಬ್ಬ ಕಲ್ಪಿತ ರೋಗಿಯ ಮೇಲೆ ಕೂಡಿಸಿದ್ದು. ಭಾನುವಾರ ಫುಟ್ಬಾಲ್, ಉಳಿದ ಸಂಜೆ ಗಿಟಾರ್. ಈ ಎರಡು ಹವ್ಯಾಸಗಳನ್ನು ಆರಿಸಲು ಕಾರಣವಿದೆ. ಬಿಇಪಿಯ ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಹಿಡಿಯುತ್ತದೆ, ಸಿಸ್‌ಪ್ಲಾಟಿನ್ ಕಿವಿಯನ್ನೂ ಬೆರಳ ತುದಿಯ ನರಗಳನ್ನೂ ಹಿಡಿಯುತ್ತದೆ. ಓಡುವವನಿಗೂ ತಂತಿ ಮೀಟುವವನಿಗೂ ಬೇಕಾದ್ದು ಅವೇ. ಗುಣವಾಗುವ ಸಾಧ್ಯತೆ ಶೇ. 90 ದಾಟುವ ರೋಗ ಇದು. ಹಾಗಾಗಿ ಚಿಕಿತ್ಸೆಯ ನಂತರ ಐವತ್ತು ವರ್ಷ ಬದುಕಬೇಕಾದವನ ಕಿವಿ, ಬೆರಳು, ಉಸಿರಿನ ಲೆಕ್ಕವನ್ನು ಮೊದಲ ದಿನದಿಂದಲೇ ಇಡಬೇಕಾಗುತ್ತದೆ.

ಈ ಲೆಕ್ಕ ಇಡುವಾಗ ತಂಡಕ್ಕೆ ತಡವಾಗಿ ಹೊಳೆದದ್ದೊಂದಿದೆ. ಗೋಲಿಯನ್ನು "ಹೇಗಿದೀರಿ?" ಎಂದು ಕೇಳಿದರೆ ಉತ್ತರ ಯಾವಾಗಲೂ "ಸೂಪರ್". ತೊಂದರೆಯೆಲ್ಲ ಆತನ ತಮಾಷೆಯೊಳಗೆ ಇರುತ್ತಿತ್ತು. ಡೇ ಕೇರ್‌ನ ಹಿರಿಯ ಸಿಸ್ಟರ್ ಒಬ್ಬರು ಅದನ್ನು ಕಂಡುಹಿಡಿದು, ಕೇಸ್ ಶೀಟಿನ ಬಲ ಅಂಚಿನಲ್ಲಿ ಪೆನ್ಸಿಲ್‌ನಿಂದ ಆತನ ಜೋಕುಗಳನ್ನು ತಾರೀಖಿನ ಸಮೇತ ಬರೆಯತೊಡಗಿದರು. ಅಷ್ಟರಲ್ಲಿ ಮೂರು ಜೋಕುಗಳು ಕೈತಪ್ಪಿದ್ದವು.

ಚೆಂಡು ಬಡಿದ ಗುರುತು

ಮೊದಲ ಜೋಕು ಆಸ್ಪತ್ರೆಗೆ ಬರುವ ಮುಂಚಿನದು. ಎಡಗಡೆ ಕಡಲೆಕಾಳಿನಷ್ಟು ಗಟ್ಟಿ ಗಂಟು, ನೋವಿಲ್ಲ. "ಪೆನಾಲ್ಟಿ ತಡೆದ ಗುರುತು, ಮೆಡಲ್ ಥರ" ಎಂದು ನಾಲ್ಕು ತಿಂಗಳು ಕಳೆದ. ಗೋಲ್‌ಕೀಪರ್‌ಗೆ ಆ ಜಾಗಕ್ಕೆ ಏಟು ಬೀಳುವುದು ಹೊಸದಲ್ಲವಾದ್ದರಿಂದ ಗೆಳೆಯರೂ ನಂಬಿದರು. ಏಟಿನ ಊತ ನೋಯುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ನೋವಿಲ್ಲದೆ ಬೆಳೆಯುವ ಗಟ್ಟಿ ಗಂಟಿಗೆ ಅದೇ ವಾರ ಅಲ್ಟ್ರಾಸೌಂಡ್ ಬೇಕು. ಭಾರತದಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗೂ ಬರುವುದಿಲ್ಲ, ಆದರೆ ಬಂದಾಗ ಹೆಚ್ಚಾಗಿ ಇದೇ ವಯಸ್ಸಿನವರಿಗೆ ಬರುತ್ತದೆ.

ರಕ್ತದಲ್ಲಿ ಗೆಡ್ಡೆಯ ಸುಳಿವು ಕೊಡುವ ಎರಡು ಮಾರ್ಕರ್‌ಗಳು: ಎಎಫ್‌ಪಿ 280, ಎಚ್‌ಸಿಜಿ 640. ಗರ್ಭಿಣಿಯರ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿಸುವ ಹಾರ್ಮೋನೇ ಈ ಎಚ್‌ಸಿಜಿ. ಅದನ್ನು ಕೇಳಿದ ಗೋಲಿ ಮನೆಗೆ ಹೋಗಿ ಪಟ್ಟಿ ತಂದು ಪರೀಕ್ಷಿಸಿ, ಎರಡು ಗೆರೆಯ ಫೋಟೋವನ್ನು ಅಮ್ಮನಿಗೆ ಕಳಿಸಿದ. ಅವರು ಸೊಸೆಗೆ ಫೋನ್ ಮಾಡಿ ಅತ್ತುಬಿಟ್ಟರು, ಸಂತೋಷಕ್ಕೆ. ಆ ಜೋಕನ್ನು ಮತ್ತೆ ಯಾರೂ ಎತ್ತಲಿಲ್ಲ. ಫುಟ್ಬಾಲಿನಲ್ಲಿ ಈ ಹಾರ್ಮೋನಿನ ಪ್ರಸಿದ್ಧ ಪ್ರಸಂಗವೊಂದಿದೆ. ಇಟಲಿಯ ಡಿಫೆಂಡರ್ ಫ್ರಾನ್ಸೆಸ್ಕೊ ಅಚೆರ್ಬಿಗೆ 2013ರಲ್ಲಿ ವೃಷಣದ ಗೆಡ್ಡೆ ತೆಗೆದ ಕೆಲವು ತಿಂಗಳಲ್ಲೇ ಡೋಪಿಂಗ್ ಪರೀಕ್ಷೆಯಲ್ಲಿ ಎಚ್‌ಸಿಜಿ ಸಿಕ್ಕಿತು. ಮದ್ದು ತಗೊಂಡಿದ್ದಾನೆ ಎಂಬ ಅನುಮಾನ ಬಂತು. ಅಸಲಿಗೆ ಕ್ಯಾನ್ಸರ್ ಮರಳಿತ್ತು.

ಶಸ್ತ್ರಚಿಕಿತ್ಸೆಯ ಕೊಯ್ತ ತೊಡೆಸಂದಿಯ ಮೇಲ್ಭಾಗದಲ್ಲಿ, ವೃಷಣಚೀಲದ ಮೇಲಲ್ಲ. ವೃಷಣದ ದುಗ್ಧನಾಳಗಳು ಮೇಲಕ್ಕೆ, ಹೊಟ್ಟೆಯ ಹಿಂಬದಿಯ ಗ್ರಂಥಿಗಳಿಗೆ ಹೋಗುತ್ತವೆ. ಚೀಲದ ಚರ್ಮದ ನಾಳಗಳ ದಾರಿ ಬೇರೆ. ಚೀಲಕ್ಕೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹೋಗಬಾರದ ದಾರಿಗೆ ಹೋಗಬಹುದು. ಊರ ಕಡೆ ಯಾರಾದರೂ "ಸೂಜಿ ಹಾಕಿ ನೋಡೋಣ" ಎಂದರೆ ಬೇಡವೆನ್ನಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ವೀರ್ಯವನ್ನು ಬ್ಯಾಂಕಿನಲ್ಲಿ ಇರಿಸಿದ್ದಾಯಿತು. ಮದುವೆಯಾಗದ ಹುಡುಗರ ಮನೆಯವರು ಈ ಮಾತನ್ನು ನಾಚಿಕೆಗೆ ಮುಂದೂಡಿ, ಕೀಮೋ ಶುರುವಾದ ಮೇಲೆ ಕೇಳಲು ಬರುತ್ತಾರೆ. ಆಗ ಹೊತ್ತು ಮೀರಿರುತ್ತದೆ.

ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಬದಿ 3.4 ಸೆಂ.ಮೀ. ಗ್ರಂಥಿ. ಶ್ವಾಸಕೋಶ ಶುಭ್ರ. ಹಂತ 2ಬಿ, ಒಳ್ಳೆಯ ಗುಂಪು. ಮೂರು ಸುತ್ತು ಬಿಇಪಿ.

36, 180, 30

ಎತ್ತರ 173 ಸೆಂ.ಮೀ., ತೂಕ 68 ಕಿಲೋ, ಮೈಮೇಲ್ಮೈ 1.8 ಚದರ ಮೀಟರ್. ಸಿಸ್‌ಪ್ಲಾಟಿನ್ ಚದರ ಮೀಟರಿಗೆ 20 ಮಿ.ಗ್ರಾಂ., ಎಂದರೆ ದಿನಕ್ಕೆ 36. ಎಟೊಪೊಸೈಡ್ ಚದರ ಮೀಟರಿಗೆ 100, ಎಂದರೆ ದಿನಕ್ಕೆ 180. ಎರಡೂ ಒಂದನೇ ದಿನದಿಂದ ಐದನೇ ದಿನದವರೆಗೆ. ಬ್ಲಿಯೋಮೈಸಿನ್ 30 ಯೂನಿಟ್, 1, 8, 15ನೇ ದಿನ. 22ನೇ ದಿನ ಮುಂದಿನ ಸುತ್ತು.

ಸಿಸ್‌ಪ್ಲಾಟಿನ್ ಎಂದರೆ ಪ್ಲಾಟಿನಂ ಲೋಹದ ಸಂಯುಕ್ತ ಎಂದು ತಿಳಿದಾಗ ಬಂದ ಮಾತು: "ಹೆಂಡತಿಗೆ ಬಳೆ ಮಾಡಿಸ್ಲಿಲ್ಲ, ನಾನೇ ಮೈತುಂಬ ಪ್ಲಾಟಿನಂ ಹಾಕಿಸ್ಕೊಂಡೆ." ಲೆಕ್ಕ ಹಾಕಿದರೆ ಮೂರು ಸುತ್ತಿಗೆ 540 ಮಿ.ಗ್ರಾಂ. ಔಷಧ, ಅದರಲ್ಲಿ ಲೋಹ ಸುಮಾರು 350 ಮಿ.ಗ್ರಾಂ.; ಬಳೆಗೆ ಎಲ್ಲೂ ಸಾಲದು. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ವಿದ್ಯುತ್ ಹರಿಸಿ ಬ್ಯಾಕ್ಟೀರಿಯಾ ನೋಡುತ್ತಿದ್ದಾಗ, ಅವು ಒಡೆಯದೆ ದಾರದಂತೆ ಉದ್ದವಾಗತೊಡಗಿದವು. ಕಾರಣ ಕರೆಂಟಲ್ಲ, ಪ್ಲಾಟಿನಂ ತಂತಿಯಿಂದ ಕರಗಿ ಬಂದ ಲೋಹ. 1974ರಲ್ಲಿ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಔಷಧಗಳೊಂದಿಗೆ ಸೇರಿಸಿ ಕೊಟ್ಟ ಮೇಲೆ ಈ ಕ್ಯಾನ್ಸರಿನ ಹಣೆಬರಹವೇ ಬದಲಾಯಿತು.

ಈ ಲೋಹ ಮೂತ್ರಪಿಂಡವನ್ನು ಕೆಡಿಸುತ್ತದೆ. ಅದಕ್ಕೇ ದಿನವೂ ಎರಡು ಲೀಟರಿಗಿಂತ ಹೆಚ್ಚು ಸಲೈನ್, ಅದರಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ. ಮೂತ್ರ ಜಾಡಿಯಲ್ಲಿ ಅಳೆದು ಬರೆಯಬೇಕು. ಸಂಬಂಧಿಕರು ತರುವ ಕಷಾಯ, ಪರಂಗಿ ಎಲೆಯ ರಸ, ಹೆಸರಿಲ್ಲದ ಪುಡಿ ಯಾವುದೂ ಈ ಒಂಬತ್ತು ವಾರ ಬೇಡವೆನ್ನುವುದು ಇದೇ ಕಾರಣಕ್ಕೆ. ಬ್ಲಿಯೋಮೈಸಿನ್ ಹೊರಹೋಗುವುದೂ ಮೂತ್ರಪಿಂಡದ ಮೂಲಕವೇ. ಮೂತ್ರಪಿಂಡ ಸೊರಗಿದರೆ ಶ್ವಾಸಕೋಶಕ್ಕೂ ಅಪಾಯ.

ಡ್ರಿಪ್ಪಿಗೆ ಪಿಕ್ ಲೈನ್, ಎಂದರೆ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳು ಕೊಳವೆ, ಹಾಕುವಾಗ ಸಾಮಾನ್ಯವಾಗಿ ಬಲ ತೋಳು ಆರಿಸುತ್ತಾರೆ, ಹೃದಯದ ಕಡೆ ದಾರಿ ನೇರ ಎಂದು. ಗೋಲಿ ಬಲಗೈಯಲ್ಲಿ ಮೀಟುವವನು. ಅಕೂಸ್ಟಿಕ್ ಗಿಟಾರಿನ ಒಡಲು ಬಲ ಮೊಣಕೈಯ ಸುತ್ತ ಒತ್ತಿ ಕೂರುತ್ತದೆ. ಲೈನಿನ ಬಾಲವೂ ಅಂಟುಪಟ್ಟಿಯೂ ಅಲ್ಲೇ ಉಜ್ಜಿಕೊಂಡರೆ ವಾರದಲ್ಲಿ ಕಿತ್ತುಬರುತ್ತದೆ, ಸೋಂಕೂ ತಗಲುತ್ತದೆ. ಆತ ಖಾಲಿ ಕೈಯಲ್ಲೇ ಗಿಟಾರ್ ಹಿಡಿದಂತೆ ಕೂತು ತೋರಿಸಿದ್ದರಿಂದ ಎಡತೋಳಿಗೆ ಹಾಕಿದ್ದಾಯಿತು. ತೋಳು ಊದಿದರೆ, ಭಾರವೆನಿಸಿದರೆ ಅದೇ ದಿನ ಬರಬೇಕು. ಲೈನು, ಸಿಸ್‌ಪ್ಲಾಟಿನ್, ಹೊಟ್ಟೆಯ ಗ್ರಂಥಿ ಮೂರೂ ಸೇರಿದಾಗ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು.

ವಾಂತಿ ಮೊದಲೇ ತಡೆದಿತ್ತು: ಅಪ್ರೆಪಿಟಂಟ್, ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ರಾತ್ರಿ 5 ಮಿ.ಗ್ರಾಂ. ಒಲಾಂಜಪೀನ್. ಆದರೆ ಎರಡನೇ ದಿನ ಬಿಕ್ಕಳಿಕೆ ಶುರುವಾಯಿತು. "ಯಾರೋ ನೆನೆಸ್ಕೊಳ್ತಿದ್ದಾರೆ" ಎಂದು ಅಮ್ಮ ನೀರು ಕೊಟ್ಟರು. ಗೋಲಿ ಹಾಸಿಗೆಯಲ್ಲೇ ಹೆಸರುಗಳ ಪಟ್ಟಿ ಶುರು ಮಾಡಿದ: ಸಾಲ ಕೊಟ್ಟವರು, ಹಳೇ ಮ್ಯಾನೇಜರ್, ಪಿಯುಸಿ ಹುಡುಗಿ. ವಾರ್ಡೆಲ್ಲ ನಕ್ಕಿತು, ಕಡತದಲ್ಲಿ ಯಾರೂ ಬರೆಯಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲ, ಊಟ ಗಂಟಲಲ್ಲಿ ನಿಲ್ಲುತ್ತಿಲ್ಲ. ನಾಲ್ಕನೇ ದಿನ ಪಟ್ಟಿ 26 ಹೆಸರಿಗೆ ಬಂದಾಗ ಸಿಸ್ಟರ್ ಕೇಳಿದರು: "ಇದು ಯಾವತ್ತಿಂದ?" ನೆನೆಯುತ್ತಿದ್ದದ್ದು ಡೆಕ್ಸಾಮೆಥಸೋನ್. ಗಂಡಸರಲ್ಲಿ ಅದು ಹೀಗೆ ಕಾಡುವುದು ಇದ್ದದ್ದೇ. ಬೇರೆ ಸ್ಟಿರಾಯ್ಡಿಗೆ ಬದಲಿಸಿ, ಬ್ಯಾಕ್ಲೋಫೆನ್ ಕೊಟ್ಟಾಗ ಸಂಜೆಗೆ ನಿಂತಿತು. ಪೆನ್ಸಿಲ್ ಬರಹ ಆರಂಭವಾಗಬೇಕಾದದ್ದು ಅಂದೇ, ಆಗಲಿಲ್ಲ.

ಪಂದ್ಯದ ರಾತ್ರಿ

ಎರಡನೇ ಸುತ್ತಿನ 12ನೇ ದಿನ. ಬಿಳಿ ರಕ್ತಕಣ ತಳ ಮುಟ್ಟುವ ಸಮಯ. ರಾತ್ರಿ 11:40ಕ್ಕೆ ಜ್ವರ 100.6. ಮನೆಗೆ ಕಳಿಸುವಾಗಲೇ ಹೇಳಿದ್ದ ಮಾತು: 100.4 ಮುಟ್ಟಿದರೆ ಕಾಯಬೇಡಿ, ಪ್ಯಾರಸಿಟಮಾಲ್ ನುಂಗಬೇಡಿ, ಹೊರಡಿ. ಆದರೆ ಅಂದು ಚಾಂಪಿಯನ್ಸ್ ಲೀಗ್, ನಮ್ಮ ಗಡಿಯಾರದಲ್ಲಿ ಆಟ ಶುರುವಾಗುವುದು 1:30ಕ್ಕೆ. ಗೆಳೆಯರ ಗುಂಪಿಗೆ ಆತ ಹಾಕಿದ ಸಂದೇಶ: "ಮ್ಯಾಚ್ ಬಿಸಿ ಇದೆ, ನಾನೂ ಬಿಸಿ ಇದೀನಿ." ಹನ್ನೆರಡು ಜನ ನಗುವ ಮುಖ ಹಾಕಿದರು. ಪ್ಯಾರಸಿಟಮಾಲ್ ನುಂಗಿದ್ದರಿಂದ ಜ್ವರ ಇಳಿದಂತೆ ಕಂಡಿತು. ಕೊನೆಯ ವಿಸಿಲ್ ಹೊತ್ತಿಗೆ ಹಲ್ಲು ಕಟಕಟ. ತುರ್ತು ವಿಭಾಗ ಮುಟ್ಟಿದಾಗ 4:10, ಬಿಪಿ 94/60, ನ್ಯೂಟ್ರೋಫಿಲ್ ಎಂಬ ಬಿಳಿಕಣ ಬರೀ 180.

ಆಂಟಿಬಯಾಟಿಕ್ ಅರ್ಧ ಗಂಟೆಯಲ್ಲಿ ಒಳಗೆ ಹೋಯಿತು. ಇಂಥ ರಾತ್ರಿಗಳಲ್ಲಿ ಡ್ಯೂಟಿ ಡಾಕ್ಟರು ಪಿಪರಾಸಿಲಿನ್ ಜೊತೆಗೆ ಅಮಿಕಾಸಿನ್ ಸೇರಿಸುವುದು ರೂಢಿ. ಸಿಸ್‌ಪ್ಲಾಟಿನ್ ಪಡೆಯುವವರಿಗೆ ಅಮಿಕಾಸಿನ್, ಜೆಂಟಮೈಸಿನ್ ಕೊಟ್ಟರೆ ಕಿವಿಗೂ ಮೂತ್ರಪಿಂಡಕ್ಕೂ ಎರಡನೇ ಪೆಟ್ಟು. ಜೇಬಿನಲ್ಲಿದ್ದ ಚಿಕಿತ್ಸೆಯ ಕಾರ್ಡಿನ ಮೂರನೇ ಸಾಲಿನಲ್ಲಿ ಅದು ಬರೆದಿತ್ತು, ಹೆಂಡತಿ ಓದಿ ಹೇಳಿದರು, ಔಷಧ ಬದಲಾಯಿತು. ಜೀವಕ್ಕೇ ಕುತ್ತು ಬಂದರೆ ಅದನ್ನೂ ಕೊಡಬೇಕಾದೀತು. ಆದರೆ ಗೊತ್ತಿದ್ದು ಕೊಡಬೇಕು, ಗೊತ್ತಿಲ್ಲದೆ ಕೊಡಬಾರದು.

ಐದನೇ ದಿನ ಮನೆಗೆ ಹೋಗುವ ಮುಂಚೆ ಎರಡು ನಿಯಮಗಳಾದವು. ಒಂದು, ಯಾವುದಕ್ಕೆ ಬೇಕಾದರೂ ಜೋಕು ಮಾಡಬಹುದು, ಅಂಕಿಗೆ ಮಾತ್ರ ಇಲ್ಲ, ಜ್ವರವನ್ನು 100.6 ಎಂದೇ ಬರೆಯಬೇಕು. ಎರಡು, ಗುಂಪಿನಲ್ಲೊಬ್ಬ ರೆಫ್ರಿ. ತಂಡದ ಹಳೇ ಸ್ಟಾಪರ್‌ಗೆ ಆ ಕೆಲಸ. ಅಂಕಿ 100.4 ದಾಟಿದ್ದು ಕಂಡರೆ ಆತ ಕೇಳುವಂತಿಲ್ಲ, ಕಾರು ತರಬೇಕು. ಅಂದಿನಿಂದ ಪೆನ್ಸಿಲ್ ಕೂಡ ಕೆಲಸ ಶುರು ಮಾಡಿತು.

ಮೂರನೇ ಸುತ್ತು ಒಂದು ದಿನವೂ ಮುಂದೆ ಹೋಗಲಿಲ್ಲ. ಜ್ವರವಿಲ್ಲದೆ ಬರೀ ಕೌಂಟ್ಸ್ ಕಡಿಮೆ ಎಂದು ಈ ಚಿಕಿತ್ಸೆಯನ್ನು ವಾರಗಟ್ಟಲೆ ತಳ್ಳುವುದು, ಡೋಸ್ ಇಳಿಸುವುದು ಗುಣವಾಗುವ ರೋಗವನ್ನು ಕೈಯಾರೆ ಕೆಡಿಸಿಕೊಂಡಂತೆ. ಬಿಳಿಕಣ ಏರಿಸುವ ಚುಚ್ಚುಮದ್ದು ಸೇರಿಸಿ ಮುಂದುವರಿಸಲಾಯಿತು.

ಸತ್ತ ತಂತಿಗಳು

ಪೆನ್ಸಿಲ್ ಬರಹದ ಎರಡನೇ ಸಾಲು ಹೀಗಿದೆ: "ತಂತಿ ಕಂಪನಿಯವ್ರೂ ಕೀಮೋ ತಗೊಳ್ತಿದ್ದಾರೆ ಅನ್ಸುತ್ತೆ, ಹೊಸ ಸೆಟ್ಟೂ ಸತ್ತೇ ಬರ್ತಿದೆ."

ಮೂರು ವಾರದಲ್ಲಿ ಅಕೂಸ್ಟಿಕ್ ಗಿಟಾರಿಗೆ ಎರಡು ಸಲ ಹೊಸ ತಂತಿ ಹಾಕಿದ್ದ. ಎರಡೂ ಮಂಕು. ಎಲೆಕ್ಟ್ರಿಕ್ ಗಿಟಾರ್ ಮಾತ್ರ ಮೊದಲಿನಂತೆಯೇ ಇದೆ ಎಂದ. ಸುಳಿವು ಅಲ್ಲಿತ್ತು. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ತೆಳು ತಂತಿ 330. ಗಿಟಾರಿನ ಕುತ್ತಿಗೆಯ 22ನೇ ಅಡ್ಡಪಟ್ಟಿಯಲ್ಲಿ (ಫ್ರೆಟ್) ಒತ್ತಿದರೂ ಮೂಲ ಸ್ವರ 1,175 ದಾಟುವುದಿಲ್ಲ. ಸಿಸ್‌ಪ್ಲಾಟಿನ್ ಮೊದಲು ತಿನ್ನುವುದು 4,000ದಿಂದ ಮೇಲಿನದನ್ನು. ಹಾಗಾಗಿ ಸ್ವರ ಒಂದೂ ತಪ್ಪುವುದಿಲ್ಲ, ಶ್ರುತಿ ಸರಿಯಾಗೇ ಇರುತ್ತದೆ. ಹೋಗುವುದು ಹೊಸ ತಂತಿಯ ಮಿನುಗು, ಮೀಟುವ ಪ್ಲೆಕ್ಟ್ರಮ್ ತಾಗಿದ ಚುರುಕು ಸದ್ದು. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್ 5,000ದ ಆಚೆಗೆ ತಾನೇ ಹೆಚ್ಚೇನೂ ನುಡಿಯುವುದಿಲ್ಲವಾದ್ದರಿಂದ ಅಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಶ್ರವಣ ಪರೀಕ್ಷೆಯಲ್ಲಿ 6,000 ಮತ್ತು 8,000 ಹರ್ಟ್ಸ್‌ನಲ್ಲಿ 40 ಡೆಸಿಬೆಲ್ ನಷ್ಟ. ಮಾತಿನ ಮಟ್ಟದಲ್ಲಿ ಏನೂ ಇಲ್ಲ. "ಕಿವಿ ಕೇಳಿಸ್ತಿದೆಯಾ?" ಎಂದು ಮಾತಿನಲ್ಲಿ ಕೇಳಿದ್ದರೆ "ಸೂಪರ್" ಎನ್ನುತ್ತಿದ್ದ.

ಕಳೆದುಕೊಂಡದ್ದು ಮರಳುವುದು ಅಪರೂಪ. ಉಳಿದದ್ದನ್ನು ಕಾಯುವುದಷ್ಟೇ. ಬ್ಯಾಂಡಿನ ತಾಲೀಮು ಕೋಣೆಯ ಸದ್ದು ಚಿಕಿತ್ಸೆಯ ಅವಧಿಯಲ್ಲೂ ನಂತರದ ತಿಂಗಳುಗಳಲ್ಲೂ ಬೇಡ, ಹೋದರೆ ಇಯರ್‌ಪ್ಲಗ್ ಇಲ್ಲದೆ ಹೋಗಬಾರದು. ಇನ್ನೊಂದು ಎಡವಟ್ಟು ಆಮೇಲೆ ತಿಳಿಯಿತು: ತನಗೆ ಕೇಳಿಸದ್ದನ್ನು ತುಂಬಿಕೊಳ್ಳಲು ಆತ ಟ್ರೆಬಲ್ ಏರಿಸುತ್ತಿದ್ದ, ಉಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈಗ ಆಂಪ್ಲಿಫೈಯರ್ ಗುಬ್ಬಿಗಳ ಪಕ್ಕ ಬಿಳಿ ಟೇಪು ಅಂಟಿಸಿ ಡ್ರಮ್ಮರ್ ಗೆರೆ ಎಳೆದಿದ್ದಾನೆ. ಆ ಗೆರೆ ದಾಟುವಂತಿಲ್ಲ.

ಬೆರಳಿನದು ಬೇರೆ ಕತೆ. ಜುಮ್ಮೆನ್ನುವಿಕೆ ಮೂರನೇ ಸುತ್ತಿನಲ್ಲಿ ಸ್ವಲ್ಪ, ಚಿಕಿತ್ಸೆ ಮುಗಿದ ಮೇಲೆ ಎರಡು ತಿಂಗಳು ಇನ್ನೂ ಹೆಚ್ಚು. ಮೊದಲೇ ಹೇಳದಿದ್ದರೆ ಕ್ಯಾನ್ಸರ್ ಮರಳಿತೆಂದು ಹೆದರುತ್ತಾರೆ. ಈ ಔಷಧದ ನರಪೆಟ್ಟು ನಿಲ್ಲಿಸಿದ ಮೇಲೂ ಒಂದಷ್ಟು ದೂರ ಉರುಳಿಯೇ ನಿಲ್ಲುವುದು. ತಂತಿಯ ದಪ್ಪ .012 ಇಂಚಿನಿಂದ .010ಕ್ಕೆ ಇಳಿಸಿದಾಗ ತೆಳು ತಂತಿಯ ಎಳೆತ ಸುಮಾರು 10.5 ಕಿಲೋದಿಂದ 7.3ಕ್ಕೆ ಬಂತು. ಶ್ರುತಿ ಅರ್ಧ ಸ್ವರ ಇಳಿಸಿದರೆ ಇನ್ನೂ ಹತ್ತರಲ್ಲೊಂದು ಪಾಲು ಕಡಿಮೆ. ಪ್ಲೇಟ್‌ಲೆಟ್ 50,000ದ ಕೆಳಗಿದ್ದ ದಿನಗಳಲ್ಲಿ ಉಕ್ಕಿನ ತಂತಿಯೇ ಬೇಡ, ಸಾಲ ತಂದ ನೈಲಾನ್ ಗಿಟಾರ್. ಮರಗಟ್ಟಿದ ಬೆರಳು ಸೀಳಿದರೂ ಗೊತ್ತಾಗುವುದಿಲ್ಲ.

ಗೋಲಿಗೆ ಓಡೋ ಕೆಲಸ ಇಲ್ಲ

ಪ್ರತಿ ಬ್ಲಿಯೋಮೈಸಿನ್‌ಗೆ ಮುಂಚೆ ಉಸಿರಿನ ಪ್ರಶ್ನೆ ಇರುತ್ತದೆ: ಒಣ ಕೆಮ್ಮು? ನಡೆದರೆ ಏದುಸಿರು? ಗೋಲಿಯ ಉತ್ತರ ಪ್ರತಿ ಸಲ ಅದೇ: "ಗೋಲಿಗೆ ಓಡೋ ಕೆಲಸ ಇಲ್ಲ ಸಿಸ್ಟರ್." ಏಳು ಡೋಸ್ ಆಗಿತ್ತು. ಬೆನ್ನಿನ ಮೇಲೆ ಕಂದು ಗೆರೆಗಳು ಅಡ್ಡಾದಿಡ್ಡಿ ಎದ್ದಿದ್ದವು. ಅದನ್ನು ತೋರಿಸಿ "ದುರುಗಮುರುಗಿಯವರ ಹತ್ರ ಕೆಲಸಕ್ಕೆ ಸೇರಿದೀನಿ" ಎಂದಿದ್ದ. ಚಾಟಿಯೇಟಿನಂಥ ಆ ಗೆರೆಗಳು ಬ್ಲಿಯೋಮೈಸಿನ್‌ನದೇ ಗುರುತು, ಅಪಾಯವಿಲ್ಲ, ತಿಂಗಳುಗಳಲ್ಲಿ ಮಾಸುತ್ತವೆ. ಎಂಟನೇ ಡೋಸಿನ ಬೆಳಗ್ಗೆ ಅಂಚಿನಲ್ಲಿ ಬಿದ್ದ ಸಾಲು: "ನಮ್ಮ ಬಿಲ್ಡಿಂಗಿನವರು ರಾತ್ರೋರಾತ್ರಿ ಒಂದು ಫ್ಲೋರ್ ಜಾಸ್ತಿ ಕಟ್ಟಿದ್ದಾರೆ."

ಸಿಸ್ಟರ್ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ಎರಡು ಮಹಡಿ ಹತ್ತಿಸಿದರು. 98 ಇದ್ದದ್ದು 92. ಬೆನ್ನ ಕೆಳಭಾಗದಲ್ಲಿ ವೆಲ್ಕ್ರೊ ಬಿಡಿಸಿದಂಥ ಸದ್ದು. ಅನಿಲ ದಾಟುವ ಸಾಮರ್ಥ್ಯದ ಪರೀಕ್ಷೆ ಶೇ. 92ರಿಂದ 66ಕ್ಕೆ. ಆ ಪರೀಕ್ಷೆಯೊಂದನ್ನೇ ನಂಬಿ ಔಷಧ ನಿಲ್ಲಿಸುವುದಕ್ಕೆ ಒಪ್ಪದವರಿದ್ದಾರೆ, ಅದರಲ್ಲಿ ಅರ್ಥವೂ ಇದೆ. ಇಲ್ಲಿ ಮೆಟ್ಟಿಲು, ಎದೆಯ ಸದ್ದು, ಸ್ಕ್ಯಾನ್ ಎಲ್ಲ ಒಂದೇ ಮಾತು ಹೇಳುತ್ತಿದ್ದವು. ಉಳಿದೆರಡು ಬ್ಲಿಯೋಮೈಸಿನ್ ರದ್ದು, ಸ್ಟಿರಾಯ್ಡ್ ಶುರು. ಅದಕ್ಕೆ ಬದಲಾಗಿ ನಾಲ್ಕನೇ ಸುತ್ತು ಸಿಸ್‌ಪ್ಲಾಟಿನ್, ಎಟೊಪೊಸೈಡ್ ಬೇಕೇ ಎಂದು ಟ್ಯೂಮರ್ ಬೋರ್ಡಿನಲ್ಲಿ ಚರ್ಚೆಯಾಯಿತು. ಎರಡೂ ಮಾರ್ಕರ್ ಸಾಮಾನ್ಯಕ್ಕೆ ಇಳಿದಿದ್ದವು, ಬಹುಪಾಲು ಡೋಸ್ ಮುಗಿದಿತ್ತು, ಬೇಡವೆಂದಾಯಿತು. ಕೊನೆಯ ಸ್ಕ್ಯಾನಿನಲ್ಲಿ ಗ್ರಂಥಿ 8 ಮಿ.ಮೀ. ಒಂದು ಸೆಂ.ಮೀ. ಮೀರಿದ್ದರೆ ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬರುತ್ತಿತ್ತು.

ಜೋಕು ಯಾರದು

ಗೆಳೆಯರು ಮಾಡಿದ ತಪ್ಪು ಒಂದೇ. ಆತನ ತಮಾಷೆ ನೋಡಿ ತಮಗೂ ಪರವಾನಗಿ ಸಿಕ್ಕಿತೆಂದುಕೊಂಡರು. ಹುಟ್ಟುಹಬ್ಬಕ್ಕೆ ಒಂದೇ ಒಂದು ಗೋಲಿ ಸೋಡಾ ಬಾಟಲಿಗೆ ರಿಬ್ಬನ್ ಕಟ್ಟಿ ತಂದರು. ಆತ ನಕ್ಕ. ಆಮೇಲೆ ಎರಡು ವಾರ ಗುಂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಗೋಲಿ ಹೋದ ಜೋಕು ಆತ ಹೇಳಿದಾಗ ಹೆದರಿಕೆಯನ್ನು ತಾನೇ ಹಿಡಿದು ಆಡಿಸಿದಂತೆ. ಬೇರೆಯವರು ಹೇಳಿದಾಗ ಅದು ಬರೀ ದೇಹದ ಕೊರತೆಯ ಮಾತು. ಆತ ಎತ್ತಿದ್ದನ್ನು ಅಲ್ಲೇ ಮುಂದುವರಿಸಬಹುದು, ಹೊಸದನ್ನು ಹೊರಗಿನಿಂದ ತರಬಾರದು. ಅಮ್ಮನ ಮುಂದೆ ಯಾವುದೂ ಬೇಡ. ಎರಡು ಗೆರೆಯ ಫೋಟೋ ಆದ ಮೇಲೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಫುಟ್ಬಾಲಿಗ ಸೆಬಾಸ್ಟಿಯನ್ ಹಾಲರ್ ಹೆಸರೂ ದಿನಕ್ಕೊಮ್ಮೆ ಬರುತ್ತಿತ್ತು. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ ಸೇರಿದ ಕೆಲವೇ ದಿನಕ್ಕೆ, 2022ರ ಜುಲೈಯಲ್ಲಿ, ವೃಷಣದ ಗೆಡ್ಡೆ ಪತ್ತೆ. ಎರಡು ಶಸ್ತ್ರಚಿಕಿತ್ಸೆ, ಕೀಮೋ. 2023ರ ಜನವರಿಯಲ್ಲಿ ಮತ್ತೆ ಮೈದಾನ. ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನದಂದೇ, ಫ್ರೈಬರ್ಗ್ ವಿರುದ್ಧ ಗೋಲು. "ಆರು ತಿಂಗಳಲ್ಲಿ ನೀನೂ" ಎನ್ನುವವರಿಗೆ ಆ ಆಟಗಾರನ ಹಿಂದಿದ್ದ ವೈದ್ಯರು, ಫಿಸಿಯೋಗಳು ಕಾಣುವುದಿಲ್ಲ. ಗೋಲಿಗೆ ಹೆಚ್ಚು ಹಿಡಿಸಿದ್ದು ಬೇರೆ: ಅದೇ ಮೇ ತಿಂಗಳಲ್ಲಿ ಲೀಗ್ ಗೆಲ್ಲಬೇಕಿದ್ದ ಪಂದ್ಯದಲ್ಲಿ ಹಾಲರ್ ಪೆನಾಲ್ಟಿ ತಪ್ಪಿಸಿದ್ದು. "ಕ್ಯಾನ್ಸರ್ ಆದ್ಮೇಲೂ ಪೆನಾಲ್ಟಿ ಮಿಸ್ ಮಾಡ್ಬಹುದು, ಗುರು" ಎಂದು ಅದನ್ನು ಸಿಸ್ಟರ್ ಹತ್ತಿರ ಬರೆಸಿದ.

ಲೈನ್ ತೆಗೆದು, ಪ್ಲೇಟ್‌ಲೆಟ್ ಸರಿಯಾಗಿ, ಮೆಟ್ಟಿಲು ಹತ್ತಿದರೆ 97 ನಿಂತ ಮೇಲೆ ಮೈದಾನಕ್ಕೆ ಹೋದ. ಚಿಕಿತ್ಸೆ ಮುಗಿದು ಹದಿನೇಳನೇ ವಾರ. ಉಳಿದೊಂದಕ್ಕೆ ಗಾರ್ಡ್ ಹಾಕದೆ ಇಳಿಯುವಂತಿಲ್ಲ. ಕಾಲ್ಬೆರಳಿನ ಅರಿವು ಪೂರ್ತಿ ಮರಳದ್ದರಿಂದ ಆಟವಾದ ಮೇಲೆ ಬೂಟು ಬಿಚ್ಚಿ ಗುಳ್ಳೆ ಎದ್ದಿದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಗ್ಲೌಸಿನೊಳಗೆ ಚೆಂಡು ಬೆರಳ ತುದಿಗೆ ತಾಗಿದ್ದು ತಿಳಿಯುವುದಿಲ್ಲ, ಹಾಗಾಗಿ ಹಿಡಿಯುವುದಕ್ಕಿಂತ ಗುದ್ದಿ ಕಳಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಹರ್ನಿಯಾಗೋ ಮುರಿದ ಮೂಳೆಗೋ ಮುಂದೆ ಎಂದಾದರೂ ಅರಿವಳಿಕೆ ಕೊಡಬೇಕಾದರೆ ಬ್ಲಿಯೋಮೈಸಿನ್ ಆದದ್ದನ್ನು ಮೊದಲೇ ಹೇಳಬೇಕು. ಹೆಚ್ಚು ಆಮ್ಲಜನಕ ಕೊಟ್ಟರೆ ಆ ಶ್ವಾಸಕೋಶ ಮತ್ತೆ ಕೆರಳಬಹುದು. ಜೇಬಿನ ಕಾರ್ಡಿನಲ್ಲಿ ಈಗ ಅದು ಮೊದಲ ಸಾಲು.

ಮೊದಲ ವರ್ಷ ಎರಡು ತಿಂಗಳಿಗೊಮ್ಮೆ ಮಾರ್ಕರ್ ಪರೀಕ್ಷೆ. ಡಿಸೆಂಬರಿನ ಭೇಟಿಯಲ್ಲಿ ಎಲ್ಲ ಅಂಕಿ ಸಾಮಾನ್ಯ, "ಹೇಗಿದೀರಿ?"ಗೆ "ಸೂಪರ್". ಹೊರಡುವಾಗ ಬಾಗಿಲಲ್ಲಿ ನಿಂತು, ಬೆಳಗಿನ ಚಳಿಯಲ್ಲಿ ಮೈದಾನಕ್ಕೆ ಹೋದರೆ ತನ್ನ ಬೆರಳುಗಳು ಸುಣ್ಣ ಬಳಿಸಿಕೊಂಡು ಬರುತ್ತವೆ, ಮನೆಗೂ ಬಳಿಸಿಬಿಡೋಣ ಎಂದು ಹೆಂಡತಿ ಕೇಳುತ್ತಿದ್ದಾಳೆ ಎಂದ. ಸಿಸ್ಟರ್ ಪೆನ್ಸಿಲ್ ತೆಗೆದುಕೊಂಡು ವಾಪಸು ಕರೆದು ಕೂರಿಸಿದರು. ಯಾವ ಬೆರಳು, ಎಷ್ಟು ಹೊತ್ತು ಬಿಳಿ, ಆಮೇಲೆ ನೀಲಿಯೋ ಕೆಂಪೋ, ಹುಣ್ಣಾಗಿದೆಯೇ?